ಪರಂಪರೆಯ ಹೆಸರಿನಲ್ಲಿ ಹಿಂಸೆ

ಬಾತುಕೋಳಿಯ ಕೊಬ್ಬಿದ ಯಕೃತ್ತಿನಿಂದ ಸಿದ್ಧಪಡಿಸುವ ‘ಫ್ವಾ ಗ್ರಾ’ ಫ್ರಾನ್ಸಿನ ಶ್ರೀಮಂತ ಭೋಜನದ ಹೆಮ್ಮೆ. 2006ರಲ್ಲಿ ಆ ದೇಶದ ಕಾನೂನು ಅದನ್ನು ಸಾಂಸ್ಕೃತಿಕ ಪರಂಪರೆಯೆಂದೇ ಸಾರಿತು. ಬೆಣ್ಣೆಯಂತೆ ಕರಗುವ ಅದರ ಮೃದುತ್ವವನ್ನು ರಸಿಕರು ಕೊಂಡಾಡುತ್ತಾರೆ. ಆ ಮೃದುತ್ವ ಬರುವ ಬಗೆಯಾದರೂ ಎಂಥದು? ಕೊನೆಯ ಸುಮಾರು ಎರಡು ವಾರ ಹಕ್ಕಿಯ ಗಂಟಲಿಗೆ ಕೊಳವೆಯಿಳಿಸಿ ಮೆಕ್ಕೆಜೋಳವನ್ನು ಬಲವಂತವಾಗಿ ತುಂಬುತ್ತಾರೆ. ಯಕೃತ್ತು ಹಲವು ಪಟ್ಟು ಊದಿಕೊಳ್ಳುತ್ತದೆ.

ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ತತ್ತ್ವಾರ್ಥಸೂತ್ರವು ಅತಿಭಾರಾರೋಪಣ, ಅನ್ನಪಾನನಿರೋಧಗಳನ್ನು ಎಣಿಸಿದೆ. ಇಲ್ಲಿ ಅನ್ನವೇ ಅತಿಭಾರವಾಗಿದೆ.

ಪ್ರಾಚೀನತೆಯು ಸಮರ್ಥನೆಯಾಗದು. ಪ್ರಾಣಿಬಲಿಯೂ ಪರಂಪರೆಯೇ ಆಗಿತ್ತು. 1209ರ ‘ಯಶೋಧರ ಚರಿತೆ’ಯಲ್ಲಿ ಜನ್ನನು ಹಿಟ್ಟಿನ ಕೋಳಿಯ ಬಲಿಯಿಂದಲೂ ಜನ್ಮಜನ್ಮಾಂತರದ ದುಃಖ ಒದಗಿದುದನ್ನು ಕಾಣಿಸಿದ್ದಾನೆ.

ಭಾರತವು 2014ರಲ್ಲಿ ಈ ಖಾದ್ಯದ ಆಮದನ್ನು ನಿಷೇಧಿಸಿದುದು ಸ್ತುತ್ಯ. ಆದರೆ ಕಾನೂನು ಸಂಯಮವನ್ನು ಕಲಿಸಲಾರದು. ಏಕಸಂಬಿಯಂಥ ಊರುಗಳ ಶ್ರಾವಕರ ಮಕ್ಕಳು ಉದ್ಯೋಗಕ್ಕಾಗಿ ಪರದೇಶಗಳಿಗೆ ತೆರಳುತ್ತಿದ್ದಾರೆ. ಅವರು ಸ್ವತಃ ತಿನ್ನದಿರಬಹುದು. ಅತಿಥಿಗಳಿಗಾಗಿ ತರಿಸಿದರೆ ಅದು ಕಾರಿತ, ಮೇಜಿನಲ್ಲಿ ಕುಳಿತು ಮೆಚ್ಚಿದರೆ ಅನುಮೋದನೆ. ಕೃತದಷ್ಟೇ ಇವೆರಡೂ ಬಂಧಕಾರಣವೆಂಬುದನ್ನು ಮನೆಯಲ್ಲಿಯೂ ಬಸದಿಯ ಪಾಠಶಾಲೆಯಲ್ಲಿಯೂ ಮನಗಾಣಿಸುವುದು ಹಿರಿಯರ ಕರ್ತವ್ಯ.