ಉಲ್ವ ಎಂಬ ಹೆಸರಿನ ವಿಚಾರ

ಕಡಲತಡಿಯ ಬಂಡೆಗಳ ಮೇಲೆ ಇಳಿತದ ವೇಳೆಯಲ್ಲಿ ತೆಳುವಾದ ಹಸಿರೆಲೆಗಳಂತೆ ಕಾಣುವ ಪಾಚಿಗೆ ಸಸ್ಯಶಾಸ್ತ್ರದಲ್ಲಿ 'ಉಲ್ವ' ಎಂದು ಹೆಸರು. ಈ ಹೆಸರಿನ ಚರಿತ್ರೆಯು ಶಬ್ದಾರ್ಥವಿಚಾರದಲ್ಲಿ ಆಸಕ್ತರಾದವರಿಗೂ, ಕನ್ನಡದಲ್ಲಿ ಪರಿಭಾಷೆಯನ್ನು ರಚಿಸತಕ್ಕವರಿಗೂ ಬೋಧಪ್ರದವಾಗಿದೆ.

ಲ್ಯಾಟಿನ್ ಭಾಷೆಯಲ್ಲಿ ಉಲ್ವ ಎಂದರೆ ಜವುಗುನೆಲದ ಹುಲ್ಲು. ಲಿನ್ನೇಯಸನು 1753ರ 'ಸ್ಪೀಸೀಸ್ ಪ್ಲಾಂಟಾರಮ್' ಗ್ರಂಥದಲ್ಲಿ ಈ ಪದವನ್ನು ಪಾಚಿಗೆ ಬಳಸಿ, ಹಾಳೆಯಂತಿರುವುದನ್ನು 'ಉಲ್ವ ಲ್ಯಾಕ್ಟೂಕ' ಎಂದೂ ಕೊಳವೆಯಂತಿರುವುದನ್ನು 'ಉಲ್ವ ಇಂಟೆಸ್ಟಿನಾಲಿಸ್' ಎಂದೂ ಕರೆದನು. ಲ್ಯಾಕ್ಟೂಕವೆಂಬುದು ಲೆಟ್ಯೂಸ್ ಸೊಪ್ಪಿನ ಹೆಸರು; ಹಾಲಿನಂಥ ರಸವನ್ನು ಒಸರುವುದರಿಂದ ಅದಕ್ಕೆ ಆ ಹೆಸರು. ಪಾಚಿಯಲ್ಲಿ ಹಾಲಿಲ್ಲ, ಎಲೆಯ ಸಾದೃಶ್ಯವೊಂದೇ ಇಲ್ಲಿ ಲಕ್ಷಣೆಗೆ ನಿಮಿತ್ತ.

1820ರಲ್ಲಿ ಕೊಳವೆಯ ಬಗೆಗಳನ್ನು ಬೇರ್ಪಡಿಸಿ ಅವಕ್ಕೆ 'ಎಂಟೆರೊಮಾರ್ಫ', ಎಂದರೆ ಕರುಳಿನ ಆಕಾರವುಳ್ಳದ್ದು, ಎಂಬ ಗ್ರೀಕ್ ಮೂಲದ ಹೆಸರನ್ನಿಟ್ಟರು. ಇದು ಶುದ್ಧ ಯೌಗಿಕಶಬ್ದ. ಭೇದವೂ ಪ್ರತ್ಯಕ್ಷಸಿದ್ಧವೇ: ಹಾಳೆಯಲ್ಲಿ ಜೀವಕೋಶಗಳ ಪದರ ಎರಡು, ಕೊಳವೆಯ ಗೋಡೆಯಲ್ಲಿ ಒಂದೇ. ಆದರೆ 'ಉಲ್ವ ಕಂಪ್ರೆಸ್ಸ'ವೆಂಬ ಒಂದೇ ಜಾತಿಯು ಹಾಳೆಯಾಗಿಯೂ ಕೊಳವೆಯಾಗಿಯೂ ಬೆಳೆಯುತ್ತದೆ. ಮೈಮೇಲೆ ವಾಸಿಸುವ ಬ್ಯಾಕ್ಟೀರಿಯಗಳನ್ನು ನೀಗಿಸಿ ಬೆಳೆಸಿದರೆ ಉಲ್ವವು ತನ್ನ ಸಹಜಾಕಾರವನ್ನೇ ತಾಳದು. ಆದಕಾರಣ ಅದರ ರೂಪವು ಔಪಾಧಿಕವೇ ಹೊರತು ಕುಲಲಕ್ಷಣವಲ್ಲ. 2003ರಲ್ಲಿ ಹೇಡನ್ ಮೊದಲಾದವರು ಡಿಎನ್‌ಎ ಪರೀಕ್ಷೆಯ ಬಲದಿಂದ ಎರಡನ್ನೂ ಮತ್ತೆ ಉಲ್ವದಲ್ಲಿಯೇ ಸೇರಿಸಿದರು. ಅನ್ವರ್ಥನಾಮವು ಬಿದ್ದಿತು, ರೂಢನಾಮವು ಉಳಿಯಿತು.

ಹಾಗಾದರೆ ರೂಢಿಯೇ ಪ್ರಮಾಣವೆನ್ನಬಹುದೇ ಎಂದರೆ, ಅದೂ ಸಲ್ಲದು. ಲಿನ್ನೇಯಸನ ಮೂಲಮಾದರಿಯನ್ನೇ 2019ರಲ್ಲಿ ಪರೀಕ್ಷಿಸಲಾಗಿ, ಅದು ಉತ್ತರ ಯೂರೋಪಿನಲ್ಲಿ ಬಹುಕಾಲ ಆ ಹೆಸರಿನಿಂದ ಕರೆಯಲ್ಪಟ್ಟ ಪಾಚಿಯಲ್ಲವೆಂದೂ, ಭಾರತದ ಕರಾವಳಿಯಲ್ಲಿಯೂ ಬೆಳೆಯುವ, 'ಉಲ್ವ ಫಾಸಿಯೇಟ' ಎನಿಸಿಕೊಂಡಿದ್ದ ಬೆಚ್ಚಗಿನ ಕಡಲಿನ ಜಾತಿಯೆಂದೂ ತಿಳಿದುಬಂದಿತು. ಉತ್ತರದ ಪಾಚಿಗೆ ಈಗ 'ಉಲ್ವ ಫೆನೆಸ್ಟ್ರೇಟ' ಎಂದು ಹೆಸರು. ಶಬ್ದವನ್ನು ಅರ್ಥಕ್ಕೆ ಕಟ್ಟಿಹಾಕುವುದು ವ್ಯುತ್ಪತ್ತಿಯೂ ಅಲ್ಲ, ಬಳಕೆಯೊಂದೇ ಅಲ್ಲ, ಮೂಲವಸ್ತುವಿನ ಪರಾಮರ್ಶೆ.

ಕನ್ನಡದಲ್ಲಿ ಇಂಥ ಸಸ್ಯಗಳನ್ನು 'ಶೈವಲ'ವೆನ್ನುವುದುಂಟು. ಅಮರಕೋಶದ ವಾರಿವರ್ಗದಲ್ಲಿ ಇದಕ್ಕೆ 'ಜಲನೀಲಿ' ಪರ್ಯಾಯ. ಶಾಕುಂತಲದಲ್ಲಿ ಅದು ತಾವರೆಯ ಸಂಗಾತಿ, ಸಿಹಿನೀರಿನ ಸಸ್ಯ. ಜವುಗಿನ ಉಲ್ವವು ಕಡಲಿಗೆ ಹೋದಂತೆ ಶೈವಲವೂ ಹೋಗಬಹುದು. ಆದರೆ ಆ ನೂತನಾರ್ಥವನ್ನು ಕಾವ್ಯವ್ಯಾಖ್ಯಾನದೊಳಗೆ ತರಲಾಗದು. ಕುಲನಾಮಕ್ಕೆ ಉಲ್ವವನ್ನೇ ಇಟ್ಟುಕೊಂಡು, 'ಕರುಳುಪಾಚಿ' ಎಂಬಂಥ ರೂಪಾನುವಾದಗಳನ್ನು ವರ್ಣನೆಗೆ ಮಾತ್ರ ಮೀಸಲಿಡುವುದು ಯುಕ್ತ.