ಶ್ವೇತಪತ್ರದಲ್ಲಿ ಮನೆ, ಬೀದಿಯಲ್ಲಿ ಟೆಂಟು

ಐರ್ಲೆಂಡ್ ಸರ್ಕಾರ 2021ರ ಫೆಬ್ರುವರಿಯಲ್ಲಿ ಹೊರಡಿಸಿದ ಶ್ವೇತಪತ್ರವನ್ನು ಈಗ ಓದಿದರೆ ಮೊದಲು ಮೆಚ್ಚುಗೆಯಾಗುತ್ತದೆ, ಆಮೇಲೆ ಸಿಟ್ಟು ಬರುತ್ತದೆ. ಆಶ್ರಯ ಕೋರಿ ಬಂದವರನ್ನು ಗುತ್ತಿಗೆದಾರರ ಹಾಸ್ಟೆಲು, ಹಳೇ ಹೋಟೆಲುಗಳಲ್ಲಿ ಇರಿಸುವ ‘ಡೈರೆಕ್ಟ್ ಪ್ರಾವಿಷನ್’ ಪದ್ಧತಿಯನ್ನು 2024ರ ಕೊನೆಯೊಳಗೆ ಮುಚ್ಚುವುದಾಗಿ ಸಚಿವ ರಾಡ್ರಿಕ್ ಓಗಾರ್ಮನ್ ಅದರಲ್ಲಿ ಮಾತು ಕೊಟ್ಟಿದ್ದರು.

ಮುಚ್ಚಲೇಬೇಕಾದ ಪದ್ಧತಿ ಅದು. 2000ದಲ್ಲಿ ಶುರುವಾದಾಗ ಕೆಲವು ತಿಂಗಳ ತಂಗುದಾಣ ಎಂಬ ಲೆಕ್ಕವಿತ್ತು. ಜನ ಅಲ್ಲಿ ವರ್ಷಗಟ್ಟಲೆ ಉಳಿದರು. ಗುರುತಿಲ್ಲದವರ ಜೊತೆ ಒಂದೇ ಕೋಣೆ, ಗಂಟೆ ನೋಡಿ ಕ್ಯಾಂಟೀನ್ ಊಟ. ಮಕ್ಕಳಿಗೆ ತಮ್ಮೂರಿನ ಅಡುಗೆ ಮಾಡಿಹಾಕಲು ಎಷ್ಟೋ ತಾಯಂದಿರಿಗೆ ಒಲೆಯೇ ಇರಲಿಲ್ಲ. ದೊಡ್ಡವರಿಗೆ ವಾರಕ್ಕೆ ಸಿಗುತ್ತಿದ್ದ ಭತ್ಯೆ 19.10 ಯೂರೋ, 2017ರವರೆಗೆ ಅದು ಒಂದು ಸೆಂಟೂ ಏರಲಿಲ್ಲ. ಮೀತ್ ಕೌಂಟಿಯ ಮಾಸ್ನಿ ಕೇಂದ್ರ ಹಿಂದೆ ಬಟ್ಲಿನ್ಸ್ ಕಂಪನಿಯ ರಜಾ ಶಿಬಿರವಾಗಿತ್ತಂತೆ. ರಜೆಗೆ ಬಂದವರು ವಾರದಲ್ಲಿ ಮನೆಗೆ ಮರಳುತ್ತಿದ್ದರು ಎನ್ನುವುದೊಂದೇ ವ್ಯತ್ಯಾಸ! ದುಡಿದು ತಿನ್ನೋಣವೆಂದರೆ ಅದಕ್ಕೂ ನಿಷೇಧ. ಎಂಟು ವರ್ಷ ಈ ವ್ಯವಸ್ಥೆಯೊಳಗೆ ಕಳೆದ ಬರ್ಮಾದ ಒಬ್ಬ ವ್ಯಕ್ತಿ ಸುಪ್ರೀಂ ಕೋರ್ಟಿಗೆ ಹೋದ ಮೇಲೆ, 2017ರಲ್ಲಿ, ಕಾಲಮಿತಿಯಿಲ್ಲದ ಅಂಥ ನಿಷೇಧ ಸಂವಿಧಾನಕ್ಕೆ ವಿರುದ್ಧ ಎಂಬ ತೀರ್ಪು ಬಂತು.

ಶ್ವೇತಪತ್ರ ಈ ರೋಗವನ್ನು ಸರಿಯಾಗಿಯೇ ಹಿಡಿದಿತ್ತು. ಮೊದಲ ನಾಲ್ಕು ತಿಂಗಳು ಸರ್ಕಾರದ್ದೇ ಸ್ವಾಗತ ಕೇಂದ್ರ, ಆಮೇಲೆ ಊರಿನ ನಡುವೆ ಮನೆ. ಉಸ್ತುವಾರಿಯಲ್ಲಿ ಲಾಭಕೋರರಿಗೆ ಜಾಗವಿಲ್ಲ. ತಪ್ಪಿದ್ದು ಲೆಕ್ಕದಲ್ಲಿ. ವರ್ಷಕ್ಕೆ 3,500 ಮಂದಿ ಬರುತ್ತಾರೆಂದು ಅಂದಾಜು ಹಾಕಿದರು. 2022ರಲ್ಲಿ 13,000ಕ್ಕೂ ಹೆಚ್ಚು ಅರ್ಜಿ ಬಂದವು. ಅದೇ ವರ್ಷ ಉಕ್ರೇನಿನಿಂದ ಹತ್ತಾರು ಸಾವಿರ ಜನ ಬಂದರು. ಅವರಿಗೆ ಬೇರೆಯೇ ಕಾನೂನು, ಆಗ ಕೈಗೆ ಬರುತ್ತಿದ್ದ ಹಣವೂ ಬಹಳ ಹೆಚ್ಚು. ಒಂದೇ ಊರಿಗೆ ಬಂದ ಇಬ್ಬರು ನಿರಾಶ್ರಿತರಿಗೆ ಎರಡು ಬಗೆಯ ಪಂಕ್ತಿ ಹಾಕಿದಂತಾಯಿತು.

ಯುದ್ಧ ಬರುತ್ತದೆಂದು ಯಾರಿಗೆ ಗೊತ್ತಿತ್ತು ಎನ್ನುವುದು ಸರ್ಕಾರದ ಸಮಾಧಾನ. ಅದನ್ನು ಅರ್ಧ ಒಪ್ಪಬಹುದು. ಆದರೆ ಎರಡು ದಶಕ ಗುತ್ತಿಗೆದಾರರಿಗೆ ಬಾಡಿಗೆ ಸುರಿದ ಸರ್ಕಾರದ ಕೈಯಲ್ಲಿ ಕೊನೆಗೆ ತನ್ನದೆನ್ನುವ ಹಾಸಿಗೆಗಳು ಎಷ್ಟಿದ್ದವು? ತೀರಾ ಕಡಿಮೆ. ತನ್ನ ಪ್ರಜೆಗಳಿಗೇ ಬಾಡಿಗೆ ಮನೆ ಸಿಗದ ದೇಶದಲ್ಲಿ ಹೊಸಬರಿಗೆ ಮನೆ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಯನ್ನು ಶ್ವೇತಪತ್ರ ಗಟ್ಟಿಯಾಗಿ ಕೇಳಿಕೊಳ್ಳಲೇ ಇಲ್ಲ. ಅದಕ್ಕೆ ಯುದ್ಧವನ್ನು ದೂರಿ ಫಲವಿಲ್ಲ.

ಫಲಿತಾಂಶ ಡಬ್ಲಿನ್ನಿನ ಮೌಂಟ್ ಸ್ಟ್ರೀಟಿನಲ್ಲಿ ಕಂಡಿತು. ಆಶ್ರಯದ ಅರ್ಜಿ ಹಾಕುವ ಕಚೇರಿಯ ಸುತ್ತಲೇ ಗಂಡಸರು ಟೆಂಟು ಹಾಕಿ ಮಲಗಿದರು. 2024ರ ಮೇ 1ರಂದು ಅವನ್ನು ತೆರವು ಮಾಡಿಸಿದರೆ, ಹೊಸ ಟೆಂಟುಗಳು ಗ್ರ್ಯಾಂಡ್ ಕಾಲುವೆಯ ದಂಡೆಯಲ್ಲಿ ಎದ್ದವು. ಅಲ್ಲಿಗೆ ಬೇಲಿ ಬಂತು.

2024ರ ಮಾರ್ಚಿನಲ್ಲಿ ಸರ್ಕಾರ ಹೊಸ ಯೋಜನೆ ತಂದಿತು: 2028ರೊಳಗೆ ಸರ್ಕಾರದ್ದೇ ಆದ 14,000 ಹಾಸಿಗೆ. ಊರಿನ ನಡುವಿನ ಮನೆಯ ಕನಸು ಇದರಲ್ಲಿ ಹಿಂದೆ ಸರಿದಿದೆ, ಅದು ನಷ್ಟವೇ. ಆದರೂ ನನ್ನ ಮಟ್ಟಿಗೆ ಈ ಒಣ ಕಾಗದ ಆ ಸೊಗಸಾದ ಶ್ವೇತಪತ್ರಕ್ಕಿಂತ ಪ್ರಾಮಾಣಿಕ. ಕಟ್ಟಡ ಯಾರದ್ದು ಎಂಬ ಮಾತನ್ನಾದರೂ ಇದು ಎತ್ತಿದೆ. ಗಡುವು ಮತ್ತೆ ಜಾರಿದರೆ ಹಳೆಯ ನೆಪ ಈ ಸಲ ನಡೆಯದು. ಅಫ್ಘಾನಿಸ್ತಾನದ ಒಬ್ಬರು, ಭಾರತದ ಒಬ್ಬರು, ಕೈಗೆ 25 ಯೂರೋ ವೋಚರ್ ಮಾತ್ರ ಸಿಕ್ಕಿ ಮಲಗಲು ಜಾಗ ಸಿಗದವರು, ಹೂಡಿದ್ದ ದಾವೆಯಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2025ರ ಆಗಸ್ಟ್ 1ರಂದು ತೀರ್ಪು ಕೊಟ್ಟಿದೆ: ಅನಿರೀಕ್ಷಿತವಾಗಿ ಜನ ಬಂದು ಜಾಗ ತುಂಬಿತೆಂಬ ಕಾರಣ ಹೇಳಿ ಸರ್ಕಾರ ತನ್ನ ಹೊಣೆಯಿಂದ ತಪ್ಪಿಸಿಕೊಳ್ಳುವಂತಿಲ್ಲ.