ಆರು ಪಾಲಿನ ಲೆಕ್ಕ

ನರಗುಂದ, ರಾಮದುರ್ಗ, ಕಿತ್ತೂರುಗಳ ಮೇಲೆ ಟಿಪ್ಪು ನಡೆಸಿದ ದಂಡಯಾತ್ರೆಯನ್ನು ಧರ್ಮಯುದ್ಧವೆಂದು ಬಿಂಬಿಸುವವರು ಆಂಗ್ಲ ಇತಿಹಾಸಕಾರರ ಸಾಕ್ಷ್ಯ ತರುತ್ತಾರೆ. ಅಂಥವರಲ್ಲಿ ಜೇಮ್ಸ್ ಗ್ರಾಂಟ್ ಡಫ್ ಪ್ರಮುಖ. 1826ರಲ್ಲಿ ಪ್ರಕಟವಾದ ಅವನ ಮರಾಠರ ಇತಿಹಾಸವನ್ನು ಬಿಡಿ ಸಾಲುಗಳಿಗಾಗಿ ಹುಡುಕದೆ ಇಡಿಯಾಗಿ ಓದಿದರೆ ಬೇರೆಯೇ ಚಿತ್ರ ಸಿಗುತ್ತದೆ.

ಜಗಳ ಶುರುವಾದದ್ದು ಕಪ್ಪಕಾಣಿಕೆಯಿಂದ. ನರಗುಂದದ ವೆಂಕಟರಾವ ಭಾವೆಯಿಂದ ಟಿಪ್ಪು ಹಿಂದಿಗಿಂತ ಹೆಚ್ಚು ಕೇಳಿದ. ಭಾವೆ ಪುಣೆಯತ್ತ ನೋಡಿದ. 1785ರಲ್ಲಿ ಕೋಟೆ ಬಿತ್ತು, ಭಾವೆ ಸೆರೆಯಾದ. ಆಗ ಟಿಪ್ಪುವಿನ ವಿರುದ್ಧ ಪೇಶ್ವೆಯ ಮಂತ್ರಿ ನಾನಾ ಫಡ್ನವೀಸನ ಜೊತೆ ನಿಂತವನು ಹೈದರಾಬಾದಿನ ನಿಜಾಮ್ ಅಲಿ. ಇದನ್ನು ಧರ್ಮಯುದ್ಧವೆನ್ನುವವರು ನಿಜಾಮನನ್ನು ಯಾವ ಪಾಳೆಯದಲ್ಲಿ ನಿಲ್ಲಿಸುತ್ತಾರೆ?

ಈ ಮಿತ್ರರಲ್ಲಿಯೂ ಪರಸ್ಪರ ನಂಬಿಕೆಯಿರಲಿಲ್ಲ. ಮೈತ್ರಿಗೆ ಬೆಲೆಯಾಗಿ ವಿಜಾಪುರ, ಅಹಮದನಗರಗಳನ್ನು ಮೊದಲೇ ಕೊಡಿ ಎಂದು ನಿಜಾಮ ಪಟ್ಟು ಹಿಡಿದಿದ್ದ. ಗೆದ್ದ ಮೇಲೆ ನೋಡೋಣ ಎಂಬುದು ನಾನಾನ ಉತ್ತರ. ಗೆಲ್ಲುವ ಮೊದಲೇ ನಾಡನ್ನು ಆರು ಪಾಲು ಮಾಡಿದರು: ನಿಜಾಮನಿಗೆ ಎರಡು, ಪೇಶ್ವೆಗೆ ಎರಡು, ಹೋಳ್ಕರ್ ಮತ್ತು ಶಿಂಧೆಗೆ ಸೇರಿ ಎರಡು. 1786ರಲ್ಲಿ ತುಕೋಜಿ ಹೋಳ್ಕರನ ಕುದುರೆ ದಂಡು ಕಿತ್ತೂರು ಸೀಮೆಗೆ ನುಗ್ಗಿತು. ಕೋಟೆ ಮಾತ್ರ ದಕ್ಕಲಿಲ್ಲ. ಯುದ್ಧ ಮುಗಿಯುವ ಮುನ್ನವೇ ನಿಜಾಮ ಹೈದರಾಬಾದಿಗೆ ಮರಳಿದ್ದ. 1787ರ ಗಜೇಂದ್ರಗಡದ ಒಪ್ಪಂದದಲ್ಲಿ ಬಾದಾಮಿ, ನರಗುಂದ, ಕಿತ್ತೂರುಗಳು ಮರಾಠರಿಗೆ ಸಂದವು. ಆದವಾನಿ ನಿಜಾಮನಿಗೆ ಮರಳಿತು.

ಪಾಲಿನ ಲೆಕ್ಕವನ್ನು ಡಫ್ ಅಚ್ಚುಕಟ್ಟಾಗಿ ಒಪ್ಪಿಸುತ್ತಾನೆ. ಆದರೆ ಆ ದಂಡುಗಳಿಗೆ ಹುಲ್ಲು, ಜೋಳ ಒದಗಿಸಿದವರು ಯಾರು? ಬೈಲಹೊಂಗಲ, ಸವದತ್ತಿಯ ಎರೆಭೂಮಿಯ ರೈತ ಅವನ ಕಥನದಲ್ಲಿ ಕಾಣಸಿಗುವುದಿಲ್ಲ. ಅವನಿಗೆ ಈ ಸೀಮೆಯೆಂದರೆ ಕೋಟೆ ಮತ್ತು ಕಂದಾಯ. ಕಂಪನಿಯ ಪರವಾಗಿ ಸಾತಾರಾ ಆಳಿದ ಅಧಿಕಾರಿಯ ಕಣ್ಣು ಅದು.

ಆ ಕಂಪನಿಯೂ ಮಿತ್ರನ ವೇಷದಲ್ಲೇ ಬಂದಿತ್ತು. 1818ರಲ್ಲಿ ಪೇಶ್ವೆಯ ವಿರುದ್ಧ ಇಂಗ್ಲಿಷರಿಗೆ ನೆರವಾದ ಕಿತ್ತೂರಿಗೆ ವರ್ಷಕ್ಕೆ 1,75,000 ರೂಪಾಯಿ ಕಪ್ಪದ ಮೇಲೆ ಸಂಸ್ಥಾನ ಉಳಿಯಿತು. ಆರೇ ವರ್ಷದಲ್ಲಿ ದತ್ತಕವನ್ನು ಒಪ್ಪದೆ ಥ್ಯಾಕರೆ ಕೋಟೆಯ ಬಾಗಿಲಿಗೆ ಬಂದ. ಡಫ್‌ನ ಗ್ರಂಥ ಅಚ್ಚಾಗುವಾಗ ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿದ್ದಳು. 1829ರಲ್ಲಿ ಅಲ್ಲಿಯೇ ತೀರಿಕೊಂಡಳು.

ಟಿಪ್ಪುವಿನ ಅಭಿಮಾನದಲ್ಲಿ ನಮ್ಮವರೂ ನರಗುಂದದ ಸೆರೆಯಾಳನ್ನು ಮರೆಯುವುದುಂಟು. ಅದೂ ಅರೆ ಓದೇ. ಚೆನ್ನಮ್ಮನಿಗೆ ಜಯಕಾರ ಹಾಕುವ ಬಾಯಿಯಲ್ಲೇ ಟಿಪ್ಪುವನ್ನು ಪರಕೀಯನೆನ್ನುವವರದು ಇನ್ನೊಂದು ಅರೆ ಓದು. ಅವರು ಆಧರಿಸುವ ಸಾಕ್ಷಿ ಇಬ್ಬರನ್ನೂ ಮುಗಿಸಿದ ಕಂಪನಿಯ ನೌಕರ.